ಅಂಗಾಲಿನ ಜಡ್ಡು

ಬಡಗಿಯಣ್ಣನ ಕೂದಲಿನಲ್ಲಿ ಪಾಷಾಣ ಸಿಕ್ಕಿದೆ ಎಂದು ಆಸ್ಪತ್ರೆಯಿಂದ ಫೋನ್ ಬಂದಾಗ ಇನ್‌ಸ್ಪೆಕ್ಟರಿಗೆ ನಂಬಲಾಗಲಿಲ್ಲ. ವಿಷ — ಅದೂ ಆ ಮನೆಯಲ್ಲಿ? ಅಲ್ಲಿ ಇರುವೆಗೂ ಯಾರೂ ಪುಡಿ ಹಾಕಿದವರಲ್ಲ.

ಅವನು ಅರ್ಧ ಬೆಳೆದದ್ದೇ ಆ ಮನೆಯಲ್ಲಿ. ಕೀಸುಳಿಯಿಂದ ಉದುರಿದ ಮರದ ಸುರುಳಿಗಳಲ್ಲಿ ಹೊರಳಾಡಿ ಬಂದರೆ, ಬಡಗಿಯಣ್ಣನ ಹೆಂಡತಿ ಅವನ ತಲೆ ಕೊಡವಿ, ಬಾವಿಯಿಂದ ಸೇದಿದ ನೀರನ್ನು ಬೊಗಸೆಗೆ ಹುಯ್ಯುತ್ತಿದ್ದಳು. ಎಂಥ ನೀರು, ಎಂಥ ಅತ್ತಿಗೆ! ಈಗ ಅವಳಿಲ್ಲ. ಬಾವಿಗೆ ಹಲಗೆ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಮನೆಗೆ ಹೋದಾಗ ಬಡಗಿಯಣ್ಣ ಮಂಚದಲ್ಲಿ ಒಣಗಿ ಕಡ್ಡಿಯಾಗಿ ಮಲಗಿದ್ದ. ಮಗ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

“ಯಾರ ಮೇಲಾದ್ರೂ ಅನುಮಾನ ಇದೆಯಾ, ಅಣ್ಣ?”

“ಅಡುಗೆ ಮಾಡೋಳು ಒಬ್ಬಳೇ ಕಣೋ, ಗುಬ್ಬಿ. ಸೊಸೆ.” ಇನ್‌ಸ್ಪೆಕ್ಟರ್‌ಗಿರಿ ಈ ಮನೆಯಲ್ಲಿ ನಡೆಯುತ್ತಿರಲಿಲ್ಲ; ಇಲ್ಲಿ ಅವನು ಇನ್ನೂ ಗುಬ್ಬಿಯೇ. “ಬಂದು ವರ್ಷ ಆಯ್ತು. ಇಲ್ಲಿ ಒಂದು ಲೋಟ ನೀರು ಕುಡಿದೋಳಲ್ಲ. ಯಾಕೆ? ನೀನೇ ಕೇಳು.”

ಸೊಸೆ ಒಳಗಿಂದ ಬಂದಳು.

“ಯಾಕಮ್ಮ ಕುಡಿಯಲ್ಲ?”

“ಬಾಯಿಗೆ ಹಿಡಿಸ್ಲಿಲ್ಲ ಸಾರ್. ತುಕ್ಕಿನ ರುಚಿ. ನಾನು ಕೆಲಸ ಮಾಡೋ ಹೊಲಿಗೆ ಅಂಗಡಿಯಿಂದ ಬಾಟಲಿ ತುಂಬಿಸಿ ತರ್ತೀನಿ.”

“ಹೇಳೋಕೇನಾಗಿತ್ತು?”

“ಆ ಬೋರ್‌ವೆಲ್ ಅಂದ್ರೆ ಮಾವನಿಗೆ ಪ್ರಾಣ. ಅತ್ತೆಗೋಸ್ಕರ ಹಾಕಿಸಿದ್ದಂತೆ. ಹೆಂಗೆ ಹೇಳ್ಲಿ?”

“ಇವಳನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತೀರಾ?” ಮಗ ಕೇಳಿದ.

ಜಾರಿದ್ದ ಹೊದಿಕೆ ಸರಿಮಾಡಲು ಬಗ್ಗಿದ ಇನ್‌ಸ್ಪೆಕ್ಟರ್ ಹಾಗೇ ನಿಂತಿದ್ದ. ಬಡಗಿಯಣ್ಣನ ಅಂಗಾಲ ತುಂಬ ಕಾಳು ಕಾಳಾಗಿ ಗಟ್ಟಿ ಗಂಟು.

“ಇದೇನಣ್ಣ?”

“ಜಡ್ಡು. ಬಡಗಿ ಮನೇಲಿ ಇನ್ನೇನಿರತ್ತೆ? ಕೈಗೂ ಇದೆ ನೋಡು. ನಿಮ್ಮತ್ತಿಗೆಗೂ ಇತ್ತು. ‘ನನ್ನ ಕೈ ಹಿಡಿದು ಜಡ್ಡೂ ಅಂಟಿಸ್ಕೊಂಡ್ಯಲ್ಲೇ’ ಅಂತ ರೇಗಿಸ್ತಿದ್ದೆ. ಎಷ್ಟು ನಗ್ತಿದ್ಲು.”

ಇನ್‌ಸ್ಪೆಕ್ಟರಿಗೆ ನಗು ಬರಲಿಲ್ಲ. ಹೊರಡುವಾಗ ಬೋರ್‌ವೆಲ್ ನೀರು ತುಂಬಿಸಿಕೊಂಡು ಹೋಗಿ ಪರೀಕ್ಷೆಗೆ ಕಳಿಸಿದ.

ಫಲಿತಾಂಶ ಬಂದ ದಿನ ಮೂವರನ್ನೂ ಕೂರಿಸಿಕೊಂಡ.

“ಉಳಿ ಹಿಡಿಯೋದು ಕೈಯಲ್ಲಿ. ಅಂಗಾಲಿಗೆ ಯಾಕೆ ಇಂಥ ಜಡ್ಡು? ಉಳಿ ಮುಟ್ಟದ ಅತ್ತಿಗೆಗೆ ಯಾಕೆ? ಡಾಕ್ಟರನ್ನ ಕೇಳಿದೆ. ಇದು ಕೆಲಸದ ಜಡ್ಡಲ್ಲ, ವಿಷದ ಗುರುತು. ವರ್ಷಾನುಗಟ್ಟಲೆ ಚೂರು ಚೂರೇ ಹೊಟ್ಟೆಗೆ ಹೋದ್ರೆ ಹೀಗಾಗತ್ತೆ. ಅತ್ತಿಗೆ ಇದ್ದಾಗ ಈ ಹುಡುಗಿ ಇಲ್ಲಿಗೆ ಬಂದೇ ಇರ್ಲಿಲ್ಲ.”

“ಹಾಗಾದ್ರೆ ಯಾರು?” ಎಂದ ಮಗ.

“ಪಾಷಾಣ ಅಂದ್ರೆ ವಿಷ ಅಂತಷ್ಟೇ ತಿಳ್ಕೊಂಡ್ವಿ. ಕಲ್ಲು ಅಂತಲೂ ಅರ್ಥ ಇದೆ ಅಲ್ವಾ? ನೆಲದಡಿಯ ಕಲ್ಲಲ್ಲೇ ಅದಿದೆ, ಅಣ್ಣ. ಕರಗಿ ಬೋರ್‌ವೆಲ್ ನೀರಿಗೆ ಬರ್ತಿದೆ. ಯಾರೂ ಹಾಕಿದ್ದಲ್ಲ. ತುಕ್ಕಿನ ರುಚಿ ಕಬ್ಬಿಣದ್ದು. ಇದಕ್ಕೆ ರುಚಿ ಇಲ್ಲ, ವಾಸನೆ ಇಲ್ಲ, ಕುದಿಸಿದ್ರೂ ಹೋಗಲ್ಲ. ಮಗನೂ ಕುಡಿದಿದ್ದಾನೆ, ಅವನನ್ನೂ ಡಾಕ್ಟರಿಗೆ ತೋರಿಸ್ಬೇಕು. ಕಳ್ಳ ಆ ನೀರೇ.”

ಬಡಗಿಯಣ್ಣ ತನ್ನ ಅಂಗೈ ನೋಡಿಕೊಂಡ.

“ಸೇದಿ ಸೇದಿ ಸೊಂಟ ಹೋಯ್ತು ಅಂದ್ಲು, ಅದಕ್ಕೆ ಹಾಕಿಸ್ದೆ ಕಣೋ. ಅವಳೂ ಇದರಿಂದ್ಲೇನಾ?”

ಸುಳ್ಳು ಹೇಳಿಬಿಡೋಣ ಎಂದುಕೊಂಡ ಇನ್‌ಸ್ಪೆಕ್ಟರ್. ಆಗಲಿಲ್ಲ. “ಇರಬಹುದು, ಅಣ್ಣ.”

“ಕೊನೇಲಿ ನೀರು ನೀರು ಅಂದ್ಲು. ನಾನೇ ಕುಡಿಸ್ದೆ.”

ಸೊಸೆ ಎದ್ದು ಬಂದು ಮಂಚದ ಬಳಿ ನೆಲದ ಮೇಲೆ ಕೂತಳು.

“ನಿನ್ನ ಮೇಲೆ ಹೊರಿಸ್ದೆನಲ್ಲಮ್ಮ,” ಎಂದ ಬಡಗಿಯಣ್ಣ.

“ನಿಮಗೆ ಗೊತ್ತಿರ್ಲಿಲ್ಲ, ಮಾವ,” ಎಂದಳು ಅವಳು. “ಅತ್ತೆ ವಿಷಯದಲ್ಲೂ ಅಷ್ಟೇ. ನಿಮಗೆ ಗೊತ್ತಿರ್ಲಿಲ್ಲ.”