ಕೇದಗೆಯ ಭಯ ನುಂಗಿದ ಉಬ್ಬುಮೀನು

ಮುತ್ತಳಿವೆಯ ರಾಜಕುಮಾರಿ ಕೇದಗೆಗೆ ಒಂದು ಅಭ್ಯಾಸವಿತ್ತು. ಯಾರ ಜೊತೆಗಾದರೂ ಮಾತಾಡುವ ಮೊದಲು ಎರಡೂ ಕೆನ್ನೆ ಉಬ್ಬಿಸಿ, ಉಸಿರು ಹಿಡಿದು, ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಆಡಿ ನೋಡುತ್ತಿದ್ದಳು. ಅದು ಸರಿಯಾಗಿದೆ ಅನ್ನಿಸುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು.

ಇದು ಬಹಳ ಹಿಂದಿನ ಮಾತು. ಆಗಿನ್ನೂ ಕಲ್ಲಿಗೆ ಕಿವಿ ಇತ್ತು, ಮೀನಿಗೆ ಮಾತು ಬರುತ್ತಿತ್ತು. ಮುತ್ತಳಿವೆ ಕಡಲಿಗಿಂತ ತಗ್ಗಿನಲ್ಲಿದ್ದ ರಾಜ್ಯ. ಅದನ್ನು ಕಾಯುತ್ತಿದ್ದದ್ದು ಕಡಲಬಾಗಿಲು ಎಂಬ ಒಂದೇ ಒಂದು ಕಲ್ಲಿನ ಬಾಗಿಲು. ನೀರು ಇಳಿದಾಗ ಅರಸ ಬಾಗಿಲ ಮೇಲಿನ ಕಟ್ಟೆಯಲ್ಲಿ ನಿಂತು ‘ತೆರೆ’ ಎಂದು ಕೂಗಬೇಕು, ದೋಣಿಗಳು ಹೊರಡುತ್ತಿದ್ದವು. ನೀರು ಏರಿದಾಗ ‘ಮುಚ್ಚು’ ಎಂದು ಕೂಗಬೇಕು, ಊರು ಉಳಿಯುತ್ತಿತ್ತು. ಅರಸ ಮತ್ತು ಅವನ ಮಕ್ಕಳ ದನಿಗಲ್ಲದೆ ಬೇರೆ ಯಾರ ದನಿಗೂ ಆ ಬಾಗಿಲು ಮಿಸುಕುತ್ತಿರಲಿಲ್ಲ.

ಅರಸ ಗಂಭೀರರಾಯನ ಗಂಟಲು ಒಡೆಯುತ್ತ ಬಂದಿತ್ತು. ಅವನಿಗಿದ್ದವಳು ಒಬ್ಬಳೇ ಮಗಳು. ಪಟ್ಟ ಏರುವವರು ಮೂರು ಪರೀಕ್ಷೆ ದಾಟಬೇಕೆಂಬುದು ಅಲ್ಲಿಯ ಕಟ್ಟಳೆ. ತುಂಬಿದ ಸಭೆಯಲ್ಲಿ ಮಾತಾಡಬೇಕು. ಕಟ್ಟೆಯ ಮೆಟ್ಟಿಲು ಕಾಯುವ ಕಲ್ಲುಮೊಸಳೆಗೆ ಹೆಸರು ಹೇಳಿ ದಾರಿ ಬಿಡಿಸಿಕೊಳ್ಳಬೇಕು. ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ಬಾಗಿಲು ಮುಚ್ಚಿಸಬೇಕು.

“ಬಾಯಿ ಬಿಡೇ ಕೂಸೇ,” ಎನ್ನುತ್ತಿದ್ದಳು ಸೋದರತ್ತೆ ಹೊನ್ನಾಜಮ್ಮ. “ಕೆನ್ನೆಯೊಳಗೇನು ಕಡುಬು ಇಟ್ಕೊಂಡಿದ್ದೀಯಾ? ನಾವೇನು ಕಿತ್ಕೊಳ್ಳಲ್ಲ.”

ಕೇದಗೆ ನಗುತ್ತಿದ್ದಳು. ಆಮೇಲೆ ಕಂಬದ ಮರೆಗೆ ಹೋಗಿ ಅಳುತ್ತಿದ್ದಳು.

ಒಂದು ಬೆಳಿಗ್ಗೆ ಅದೇ ಕಂಬದ ಹತ್ತಿರ ಒಬ್ಬ ಮುದುಕ ತಂಬಿಗೆ ಹಿಡಿದು ನಿಂತಿದ್ದ. ಕಣ್ಣು ಕಡಲ ನೊರೆಯಷ್ಟು ಬಿಳಿ. ಅವನು ನೊರೆಗಣ್ಣನೆಂಬ ಮಾಂತ್ರಿಕ, ಮುಳುಗಿದ ಊರುಗಳ ಒಡೆಯ. ಕಡಲ ತಳದಲ್ಲಿ ಅವನಿಗೆ ಆಗಲೇ ಆರು ಊರುಗಳಿದ್ದವು, ಏಳನೆಯದು ಬೇಕಿತ್ತು. ಕೇದಗೆಗೆ ಇದೇನೂ ಗೊತ್ತಿರಲಿಲ್ಲ.

“ಅಮ್ಮಣ್ಣಿ, ಇದು ಭಯ ನುಂಗೋ ಮೀನು,” ಎಂದ. “ನಿಮಗೆ ಭಯ ಆದಾಗೆಲ್ಲ ಇದು ಉಬ್ಬತ್ತೆ, ನಿಮ್ಮೆದೆ ಹಗುರ ಆಗತ್ತೆ.”

ಬದಲಿಗೆ ಏನು ಕೊಡಬೇಕು ಎಂದು ಕೇಳಲು ಕೇದಗೆ ಕೆನ್ನೆ ಉಬ್ಬಿಸಿದಳು. ಅವನೇ ಉತ್ತರ ಹೇಳಿದ. “ಏನೂ ಬೇಡ. ಒಂದೇ ನೇಮ. ಮೆತ್ತಗಿನ ಊಟ ಮಾತ್ರ ಹಾಕಿ. ಪಾಪ, ಇದರ ಬಾಯಿ ಚಿಕ್ಕದು.”

ತಂಬಿಗೆಯೊಳಗೆ ನಿಂಬೆಹಣ್ಣಿನಷ್ಟು ದೊಡ್ಡ ಉಬ್ಬುಮೀನು. ಹಳದಿ ಬೆನ್ನು, ಬಿಳಿ ಹೊಟ್ಟೆ, ಗಿಣಿಯ ಕೊಕ್ಕಿನಂಥ ಬಾಯಿ. ಒಂದು ಕಣ್ಣು ಬಾಗಿಲ ಕಡೆ ತಿರುಗಿದರೆ ಇನ್ನೊಂದು ಕೇದಗೆಯನ್ನೇ ನೋಡುತ್ತಿತ್ತು. ದುಂಡಗಿದ್ದ ಅದಕ್ಕೆ ಅವಳು ಬುಗುರಿ ಎಂದು ಹೆಸರಿಟ್ಟಳು.

ಬುಗುರಿಯನ್ನು ಸಾಕುವುದು ಸುಲಭವಿರಲಿಲ್ಲ. ದಿನಾ ಬೆಳಿಗ್ಗೆ ಕಡಲಿನಿಂದ ಹೊಸ ನೀರು ತರಬೇಕು. ಸಿಹಿನೀರು ಸೋಕಿದರೆ ಬೆನ್ನಿನ ಬಣ್ಣ ಮಂಕಾಗುತ್ತಿತ್ತು. ಜೊತೆಗಿರಲಿ ಎಂದು ಬಿಟ್ಟ ಎರಡು ಪುಟ್ಟ ಮೀನುಗಳಿಗೆ ಮಧ್ಯಾಹ್ನದ ಹೊತ್ತಿಗೆ ಬಾಲವೇ ಇರಲಿಲ್ಲ. ಆದರೂ ಅರಮನೆಗೆ ಬುಗುರಿಯ ಮೇಲೆ ಪ್ರೀತಿ. ಅಡುಗೆಮನೆಯಿಂದ ತುಪ್ಪದನ್ನ ಬಂತು, ಹಾಲುಬಾಯಿ ಬಂತು, ಕಿವುಚಿದ ಬಾಳೆಹಣ್ಣು ಬಂತು. ಗಟ್ಟಿ ಎಂಬುದೊಂದೂ ಬರಲಿಲ್ಲ.

ಮೊದಲ ಪರೀಕ್ಷೆಯ ದಿನ ಬಂತು. ಸಭೆಯ ಕಣ್ಣೆಲ್ಲ ಕೇದಗೆಯ ಮೇಲೆ. ಕೆನ್ನೆ ಉಬ್ಬಿತು. ಆಗ ಪಕ್ಕದ ತಂಬಿಗೆಯಲ್ಲಿ ‘ಗುಳುಕ್’ ಎಂದು ಸದ್ದಾಯಿತು. ಬುಗುರಿ ಬೇಲದ ಹಣ್ಣಿನಷ್ಟಾಯಿತು. ಕೇದಗೆಯ ಎದೆಯ ಮೇಲಿಂದ ಯಾರೋ ಒದ್ದೆ ಬಟ್ಟೆಯ ಗಂಟನ್ನು ಎತ್ತಿಟ್ಟಂತಾಯಿತು. ಮಾತಾಡಿದಳು. ಎಷ್ಟು ಮಾತಾಡಿದಳೆಂದರೆ ಮಂತ್ರಿಗೆ ಆಕಳಿಕೆ ಬಂತು.

ಸಭೆ ಮುಗಿದರೂ ಬುಗುರಿ ಮತ್ತೆ ನಿಂಬೆಹಣ್ಣಾಗಲಿಲ್ಲ. ತಂಬಿಗೆ ಸಾಲದೆ ಅದನ್ನು ಸ್ನಾನದ ಹಂಡೆಗೆ ಹಾಕಿದರು.

ಎರಡನೆಯ ಪರೀಕ್ಷೆಯ ದಿನ ಬಂತು. ಕಲ್ಲುಮೊಸಳೆ ಬಾಯಿ ತೆರೆದು “ಯಾರು ನೀನು?” ಎಂದು ಗುಡುಗಿತು. ಹಿಂದೆ ಹೊತ್ತು ತಂದ ಹಂಡೆಯಲ್ಲಿ ‘ಗುಳುಕ್’. ಬುಗುರಿ ತೆಂಗಿನಕಾಯಿಯಷ್ಟಾಯಿತು, ಮೈತುಂಬ ಮುಳ್ಳು ನಿಗುರಿತು. ಕೇದಗೆ ಹೆಸರು ಹೇಳಿದ್ದಷ್ಟೇ ಅಲ್ಲ, ಮೊಸಳೆಯ ಬಾಯೊಳಗೆ ಕೈ ಹಾಕಿ ಹಲ್ಲು ಎಣಿಸತೊಡಗಿದಳು.

“ಹೆಸರು ಕೇಳಿದ್ರೆ ಹಲ್ಲು ಎಣಿಸ್ತಾಳಲ್ಲಪ್ಪ ಇವಳು!” ಎಂದು ಮೊಸಳೆ ಪಕ್ಕಕ್ಕೆ ಸರಿಯಿತು.

ಬುಗುರಿ ಹಂಡೆಯಿಂದ ಕೊಪ್ಪರಿಗೆಗೆ ಹೋಯಿತು. “ಚೆನ್ನಾಯ್ತು,” ಎಂದಳು ಹೊನ್ನಾಜಮ್ಮ. “ಮೀನಿಗೆ ಕೊಪ್ಪರಿಗೆ, ನನಗೆ ಚೊಂಬು. ಹಬ್ಬಕ್ಕೆ ಪಾಯಸ ಎಲ್ಲಿ ಕಾಯಿಸ್ಲಿ, ನಿನ್ನ ತಲೆ ಮೇಲಾ?” ನಗಿಸಲು ಹೇಳಿದ ಮಾತು. ಆದರೆ ನಗುವೂ ಅಳುವೂ ಇಲ್ಲದ ಕೇದಗೆಯ ಮುಖ ನೋಡಿ ಅವಳ ನಗು ನಿಂತಿತು.

ಹುಣ್ಣಿಮೆಯ ಹಿಂದಿನ ದಿನದ ಮಧ್ಯಾಹ್ನ. ಗಂಭೀರರಾಯ ಊಟಕ್ಕೆ ಕೂತಿದ್ದವನು ಕೆಮ್ಮತೊಡಗಿದ. ಕೆಮ್ಮು ನಿಲ್ಲಲೇ ಇಲ್ಲ. ಮೊದಲೆಲ್ಲ ಅವನು ಒಮ್ಮೆ ಕೆಮ್ಮಿದರೂ ಕೇದಗೆ ಬಿಸಿನೀರು ಹಿಡಿದು ಓಡುತ್ತಿದ್ದಳು. ಈಗ ಅವಳು ಉಪ್ಪಿನಕಾಯಿ ಬಡಿಸಿಕೊಂಡಳು. ಆಮೇಲೆ ತನ್ನ ಕೈಯನ್ನೇ ನೋಡಿದಳು. ಈ ಕೈ ಯಾಕೆ ನೀರಿನ ಕಡೆ ಹೋಗಲಿಲ್ಲ?

ಮೂಲೆಯ ಕೊಪ್ಪರಿಗೆಯಲ್ಲಿ ‘ಗುಳುಕ್’ ಎಂದಿತು. ಅಪ್ಪ ಮತ್ತೆ ಕೆಮ್ಮಿದ. ಮತ್ತೆ ‘ಗುಳುಕ್’.

ಕೇದಗೆ ಎದ್ದು ಹೋಗಿ ಬಗ್ಗಿ ನೋಡಿದಳು. ಬುಗುರಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು, ಮಗುಚಿಕೊಳ್ಳಲು ಆಗುತ್ತಿರಲಿಲ್ಲ. ಹಾಲುಬಾಯಿ ಮುಟ್ಟದೆ ಕರಗಿಹೋಗಿತ್ತು. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ದಾಟಿ ಬೆಳೆದು ಬಾಯಿ ಹೊಲಿದಂತೆ ಮುಚ್ಚಿತ್ತು. ಅದು ಆ ಹಲ್ಲನ್ನು ಕೊಪ್ಪರಿಗೆಯ ಅಂಚಿಗೆ ಕಿರ್ ಕಿರ್ ಎಂದು ಉಜ್ಜುತ್ತಿತ್ತು. ಆ ಸದ್ದನ್ನು ಅವಳು ಎಷ್ಟೋ ದಿನದಿಂದ ಕೇಳಿದ್ದಳು. ಆಟವಾಡುತ್ತಿದೆ ಅಂದುಕೊಂಡಿದ್ದಳು.

ಅವಳು ಯಾರನ್ನೂ ಕೇಳಲಿಲ್ಲ. ದಂಡೆಗೆ ಹೋಗಿ ಮಡಿಲು ತುಂಬ ಕಪ್ಪೆಚಿಪ್ಪು ತಂದು, ಒಂದೊಂದನ್ನೇ ಬುಗುರಿಯ ಬಾಯಿಗೆ ಹಿಡಿದಳು. ಬುಗುರಿ ತೇಯಿತು, ತೇಯಿತು, ಬಿಸಿಲು ಕಿಟಕಿ ದಾಟುವವರೆಗೂ ತೇಯಿತು. ಕೊನೆಗೆ ಟಪ್ ಎಂದು ಹಲ್ಲು ಮುರಿದು ಬಾಯಿ ತೆರೆಯಿತು.

“ಅಬ್ಬಾ,” ಎಂದಿತು ಬುಗುರಿ. “ಇಷ್ಟೊಂದು ಭಯ ಎಲ್ಲಿಟ್ಕೊಂಡಿದ್ರಿ ಅಮ್ಮಣ್ಣಿ?”

“ನಿನಗೆ ಮಾತು ಬರತ್ತಾ? ಮೊದಲೇ ಹೇಳಬಾರದಿತ್ತಾ?”

“ಹೇಗೆ ಹೇಳ್ಲಿ? ಬಂದಾಗಲೇ ಹಲ್ಲು ಬೆಳೆದು ನಾಲಿಗೆ ಹೊರಳ್ತಿರಲಿಲ್ಲ. ನಮ್ಮ ಹಲ್ಲು ನಿಮ್ಮ ಉಗುರಿನ ಹಾಗೆ, ಬೆಳೀತಾನೇ ಇರತ್ತೆ. ಚಿಪ್ಪು ಕಡಿದರೆ ಸವೆಯತ್ತೆ. ನೀವು ಪ್ರೀತಿಯಿಂದ ಹಾಲುಬಾಯಿ ತಿನ್ನಿಸಿದ್ರಿ, ನನ್ನ ಬಾಯಿಗೆ ಬೀಗ ಬಿತ್ತು. ಆ ಮುದುಕನಿಗೆ ಬೇಕಾಗಿದ್ದೂ ಅದೇ.”

“ಉಬ್ಬಿದಾಗ ನೋವಾಗತ್ತಾ?”

“ನಿಮ್ಮ ಚರ್ಮಾನ ನಾಲ್ಕೂ ಕಡೆಯಿಂದ ಎಳೆದ್ರೆ ನೋವಾಗಲ್ವಾ? ನನ್ನ ಭಯಕ್ಕೆ ನಾನು ಉಬ್ಬಿದ್ರೆ ಗಳಿಗೆಯಲ್ಲಿ ಇಳೀತಿತ್ತು. ನಿಮ್ಮದು ಒಳಗೇ ಕೂತಿದೆ. ಇನ್ನೊಂದು ಸಲ ಉಬ್ಬಿದ್ರೆ ನಾನು ಒಡೆದು ಹೋಗ್ತೀನಿ. ಆಗ ನಿಮ್ಮ ಭಯ ಕಡಲು ಸೇರತ್ತೆ, ಮತ್ತೆ ಸಿಗಲ್ಲ. ದೊಡ್ಡ ಉಬ್ಬರದಲ್ಲಿ ಆ ಮುದುಕ, ಊರು ಮುಳುಗಿಸೋ ನೊರೆಗಣ್ಣ, ಬಾಗಿಲು ತೆರೆ ಅಂದ್ರೂ ನೀವು ನಗ್ತಾ ತೆರೀತೀರಿ.”

ಇಷ್ಟು ಕೇಳಿದರೂ ಕೇದಗೆಗೆ ಭಯವಾಗಲಿಲ್ಲ. ಆದರೆ ತಲೆಕೆಳಗಾಗಿ ತೇಲುತ್ತಲೇ ಮಾತಾಡುತ್ತಿದ್ದ ಆ ಪುಟ್ಟ ಮುಖ ನೋಡಿ ಅವಳು ಕೊಪ್ಪರಿಗೆಯ ಪಕ್ಕದಲ್ಲೇ ಕೂತುಬಿಟ್ಟಳು. ಭಯ ಹೋಗಿತ್ತು, ಕನಿಕರ ಹೋಗಿರಲಿಲ್ಲ.

“ಭಯ ವಾಪಸ್ ತಗೊಳ್ಳೋದು ಹೇಗೆ?”

“ಕಡಲಿನ ಎದುರು ನಿಂತು ನನ್ನ ಮೇಲೆ ಕೈಯಿಡಿ. ನಿಮ್ಮ ಹಳೇ ಅಭ್ಯಾಸದ ಹಾಗೆ ಕೆನ್ನೆ ಉಬ್ಬಿಸಿ. ಆದ್ರೆ ಮುಳ್ಳು ಚುಚ್ಚತ್ತೆ. ಆಮೇಲೆ ನಿಮಗೆ ದನಿ ಬರತ್ತೋ ಇಲ್ವೋ, ನಾನು ಹೇಳಲಾರೆ.”

ಮೂರನೆಯ ಪರೀಕ್ಷೆಯ ದಿನ ಬಂತು. ಊರೆಲ್ಲ ಕಟ್ಟೆಯ ಕೆಳಗೆ ನೆರೆದಿತ್ತು, ಕಟ್ಟೆಯ ಮೇಲೆ ಕೇದಗೆ. ಗಂಭೀರರಾಯನ ಗಂಟಲು ಅಂದು ಬೆಳಿಗ್ಗೆಯೇ ಪೂರ್ತಿ ಕಟ್ಟಿಹೋಗಿತ್ತು. ಬಾಗಿಲು ತೆರೆದೇ ಇತ್ತು. ಮುಚ್ಚಿಸಬಲ್ಲವಳು ಈಗ ಒಬ್ಬಳೇ. ದೂರದಲ್ಲಿ ಕಡಲು ಎದ್ದು ನಿಂತು ನಡೆದು ಬರುತ್ತಿತ್ತು. ಹೊಸಿಲಿನ ಆಚೆ, ನೀರಿನ ಮೇಲೆ, ನೊರೆಗಣ್ಣ ನಿಂತಿದ್ದ.

“ಅಮ್ಮಣ್ಣಿ, ಧೈರ್ಯ ಇರೋರು ಬಾಗಿಲು ಮುಚ್ಚಿಕೊಳ್ತಾರಾ?” ಎಂದು ಕೂಗಿದ. “ಹಾಗೇ ಬಿಡಿ!”

ಕೇದಗೆಗೆ ಆ ಮಾತು ಸರಿ ಅನ್ನಿಸಿತು. ಪಕ್ಕಕ್ಕೆ ಹೊತ್ತು ತಂದಿಟ್ಟ ಕೊಪ್ಪರಿಗೆಯಲ್ಲಿ ಬುಗುರಿಯ ಚರ್ಮ ಬಿರಿಯುವಷ್ಟು ಬಿಗಿದು ಹೊಳೆಯುತ್ತಿತ್ತು. ಅದರ ಒಂದು ಕಣ್ಣು ಕಡಲಿನ ಮೇಲೆ, ಇನ್ನೊಂದು ಅವಳ ಮೇಲೆ.

ಅವಳು ಕೈ ಅದ್ದಿದಳು.

“ಮುಟ್ಟಬೇಡ, ಅದು ವಿಷ!” ಎಂದು ನೊರೆಗಣ್ಣ ಕಿರುಚಿದ. ಮುಳ್ಳುಗಳು ಅಂಗೈಗೆ ಇಳಿದವು. ಕೇದಗೆ ಕೆನ್ನೆ ಉಬ್ಬಿಸಿ ಉಸಿರೆಳೆದಳು. ಸಭೆಯ ಭಯ ಬಂತು, ಮೊಸಳೆಯ ಭಯ ಬಂತು, ಅಪ್ಪನ ಕೆಮ್ಮಿನ ಭಯ ಎಲ್ಲಕ್ಕಿಂತ ಭಾರವಾಗಿ ಬಂತು. ತಲೆಯೆತ್ತಿದರೆ, ಅಲೆ! ಬಾಗಿಲಿಗಿಂತ ಎತ್ತರ, ಅರಮನೆಗಿಂತ ಎತ್ತರ. ಕೆಳಗೆ ಅಪ್ಪ ಹೊನ್ನಾಜಮ್ಮನ ತೋಳು ಹಿಡಿದು ನಿಂತಿದ್ದ.

ಒಮ್ಮೆ ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಮತ್ತೊಮ್ಮೆ ತೆರೆದಳು. ಇಲಿಮರಿಯ ದನಿ ಬಂತು. ಬಾಗಿಲು ಕಿವಿಗೊಟ್ಟಿತು, ಅಲುಗಲಿಲ್ಲ.

“ಕಡುಬು ಉಗುಳೇ ಕೂಸೇ!” ಎಂದು ಕೆಳಗಿನಿಂದ ಅತ್ತೆ ಅಳುತ್ತ ಕೂಗಿದಳು.

“ಮುಚ್ಚೂ!” ಎಂದು ಕೇದಗೆ ಚೀರಿದಳು. ಮೊದಲಿಂದ ಕೊನೆಯವರೆಗೆ ಗಡಗಡ ನಡುಗುವ ದನಿ. ಆದರೆ ದನಿ ನಡುಗಬಾರದು ಎಂದು ಆ ಬಾಗಿಲು ಯಾವತ್ತೂ ಕೇಳಿರಲಿಲ್ಲ. ಅದು ಧಡಾರನೆ ಮುಚ್ಚಿಕೊಂಡಿತು. ಅಲೆ ಆಚೆಯೇ ಅಪ್ಪಳಿಸಿತು. ನೊರೆಗಣ್ಣ ಕಲ್ಲಿಗೂ ಅಲೆಗೂ ನಡುವೆ ಸಿಕ್ಕಿ ಬರೀ ನೊರೆಯಾಗಿ ಹೋದ. ಅವನು ಮುಳುಗಿಸಿದ ಆರೂ ಊರುಗಳು ನೀರು ಕೊಡವಿಕೊಂಡು ಮೇಲೆದ್ದವು. ಅಲ್ಲಿಯ ಜನ ಒದ್ದೆ ಬಟ್ಟೆ ಹಿಂಡುತ್ತ ತಮ್ಮ ತಮ್ಮ ಮನೆಯ ಕದ ತೆಗೆದರು.

ಕೇದಗೆಗೆ ಪಟ್ಟವಾಯಿತು. ಅವಳ ದನಿ ಕಡೆಯವರೆಗೂ ನಡುಗುತ್ತಲೇ ಇತ್ತು. ಊರಿನ ಮಕ್ಕಳು ಗಡಗಡ ಎಂದು ಅದನ್ನು ಅಣಕಿಸಿ ಆಡುತ್ತಿದ್ದರು. ಬಾಗಿಲು ಒಂದು ದಿನವೂ ತಪ್ಪಲಿಲ್ಲ. ಅರಸನ ಕೆಮ್ಮಿಗೆ ಬಿಸಿನೀರು ತಪ್ಪಲಿಲ್ಲ, ಅತ್ತೆಗೆ ಕೊಪ್ಪರಿಗೆ ಮರಳಿ ಸಿಕ್ಕಿತು. ಎಲ್ಲರೂ ಸುಖವಾಗಿದ್ದರು.

ಆದರೆ ಅದಕ್ಕೂ ಮೊದಲು, ಪರೀಕ್ಷೆಯ ದಿನವೇ ನೀರು ಇಳಿದ ಮೇಲೆ, ಕೇದಗೆ ಬಟ್ಟೆ ಸುತ್ತಿದ ಕೈಯಲ್ಲಿ ತಂಬಿಗೆ ಹಿಡಿದು ದಂಡೆಗೆ ಹೋದಳು. ಬುಗುರಿ ಮತ್ತೆ ನಿಂಬೆಹಣ್ಣಿನಷ್ಟಾಗಿತ್ತು. ಹೊಟ್ಟೆಯ ಚರ್ಮ ಮಾತ್ರ ಹಳೆಯ ಚೀಲದಂತೆ ಜೋತುಬಿದ್ದಿತ್ತು. ಅವಳು ತಂಬಿಗೆಯನ್ನು ಓರೆ ಮಾಡಿದಳು. ಬುಗುರಿ ನೀರಿಗಿಳಿದು ಒಂದು ಸುತ್ತು ಸುತ್ತಿ, ಒಂದು ಕಣ್ಣನ್ನು ಅವಳ ಕಡೆ ತಿರುಗಿಸಿತು.

ಕೇದಗೆ ಕೆನ್ನೆ ಉಬ್ಬಿಸಿದಳು. ಮಾತನ್ನು ಮನಸ್ಸಿನಲ್ಲೇ ಒಮ್ಮೆ ಆಡಿ ನೋಡಿದಳು. ಆಮೇಲೆ ಬಾಯಿಬಿಟ್ಟು ಹೇಳಿದಳು.

“ಬುಗುರಿ, ಅಲ್ಲಿ ನಿನಗೆ ಭಯ ಆದ್ರೆ ನನ್ನ ಕರೀತೀಯಾ? ಈ ಸಲ ನಾನು ಉಬ್ಬುತೀನಿ.”

ಒಂದು ಸಣ್ಣ ಅಲೆ ಬಂದು ಅವಳ ಪಾದ ತೋಯಿಸಿ ಹೋಯಿತು. ನೀರಿನಲ್ಲಿ ಹಳದಿ ಬೆನ್ನು ಕಾಣಲಿಲ್ಲ. ಅವಳು ಖಾಲಿ ತಂಬಿಗೆಯನ್ನು ಕಿವಿಗೆ ಹಿಡಿದು ಕಾಯುತ್ತ ನಿಂತಳು.