ಏಳು ದಿನ ಮಲಗಿದ ಮಣ್ಣು

ಬಹಳ ಬಹಳ ಹಿಂದೆ ಹುಡಿನಾಡು ಅಂತೊಂದು ರಾಜ್ಯವಿತ್ತು. ಅಲ್ಲಿನ ಮಣ್ಣಿನ ಜಿಗುಟನ್ನೆಲ್ಲ ಧೂಳಾಸುರನೆಂಬ ಮಾಂತ್ರಿಕ ಹೀರಿಬಿಟ್ಟಿದ್ದ. ಒಣಗಿದ್ದಾಗ ಗೋಡೆ ಗಟ್ಟಿಯಾಗಿಯೇ ನಿಲ್ಲುವುದು, ನೀರು ಕುಡಿದರೆ ಕುಸಿದು ಗುಡ್ಡೆಯಾಗುವುದು. ಆ ನಾಡಿನಲ್ಲಿ ಒಂದು ಕಟ್ಟಳೆ. ಕೋಟೆಗೋಡೆ ಕಟ್ಟಿದವರು ಮೊದಲ ಮಳೆಗೆ ಅದರ ಬುಡದಲ್ಲೇ ನಿಲ್ಲಬೇಕು. ಕಟ್ಟಳೆ ಮಾಡಿದ ರಾಜ ಮಾತ್ರ ಅರಮನೆಯ ಕಿಟಕಿಯಲ್ಲಿ ನಿಲ್ಲುತ್ತಿದ್ದ, ಬಿಡಿ.

ಗೋಡೆ ಕಟ್ಟುವ ಮಾರಕ್ಕನ ಅಪ್ಪ ಹಾಗೆ ನಿಂತೇ ಹೋದ. ಗಂಡನೂ ಹೋದ. ಈಗ ಅವಳ ಸರದಿ, ಅವಳಾದ ಮೇಲೆ ಮಗಳು ಸಿರಿಯವ್ವನದು. ಅಳುವುದಕ್ಕೂ ಮಾರಕ್ಕನಲ್ಲಿ ತ್ರಾಣ ಉಳಿದಿರಲಿಲ್ಲ.

ಮಣ್ಣಿಗೆ ಹುಲ್ಲು ಬೆರೆಸಿ ಮೋಟುಗೋಡೆ ಕಟ್ಟಿ ಕೊಡ ನೀರು ಸುರಿದಳು. ಕುಸಿಯಿತು. ಬೆಲ್ಲದ ನೀರು ಬೆರೆಸಿ ಕಟ್ಟಿದಳು. ಅದೂ ಕುಸಿಯಿತು, ಇರುವೆಗಳಿಗೆ ಹಬ್ಬವಾಯಿತು. ಕೊನೆಗೆ ಕೆರೆಯಲ್ಲಿದ್ದ ಮಾತಾಡುವ ಬಸವನಹುಳುವಿನ ಬಳಿ ಹೋದಳು. ಅದು ಗಾಡಿಚಕ್ರದಷ್ಟು ದೊಡ್ಡದು.

“ನನ್ನ ಹಿರೀಕರ ಚಿಪ್ಪು ಇಲ್ಲಿ ರಾಶಿ ಬಿದ್ದಾವೆ. ಸುಟ್ಟು ಸುಣ್ಣ ಮಾಡಿ ಮಣ್ಣಿಗೆ ಬೆರೆಸವ್ವ,” ಎಂದಿತು ಹುಳು.

“ನಮ್ಮಪ್ಪ, ನನ್ ಗಂಡ ಇಬ್ರೂ ಅದನ್ನೇ ಮಾಡಿದ್ರಲ್ಲ ತಾತ!”

“ಮಾಡಿದ್ರು. ನಾನು ಮಾತು ಮುಗಿಸೋದ್ರೊಳಗೇ ಓಡಿಹೋದ್ರು. ನಾನು ಹೇಳೋದು ನಿಧಾನ.”

ಏಳಲಾರದೆ ಮಾರಕ್ಕ ಅಲ್ಲೇ ಕೂತಳು. ಸಂಜೆಯ ಹೊತ್ತಿಗೆ ಹುಳು ಮಾತು ಮುಗಿಸಿತು: “ಕಲಸಿದ ಮಣ್ಣನ್ನ ಏಳು ದಿನ ಮುಟ್ಟಬ್ಯಾಡ.”

ಅವಳು ಹಾಗೇ ಕಲಸಿ, ಒದ್ದೆ ಗೋಣಿ ಹೊದಿಸಿ, ಪಕ್ಕದಲ್ಲೇ ಮಲಗಿದಳು. ಮೂರನೇ ದಿನ ಡಂಗುರದವನು ಬಂದು, “ಮೋಡ ಕಟ್ಟೈತೆ, ಏಳು!” ಎಂದ. ಏಳಲಿಲ್ಲ. ನಾಲ್ಕನೇ ದಿನ ಸೇನಾಪತಿ ಬಂದು ಕತ್ತಿ ತೋರಿಸಿದ. ಏಳಲಿಲ್ಲ. ಐದನೇ ದಿನ ಧೂಳಾಸುರ ಅವಳ ಗಂಡನ ವೇಷದಲ್ಲೇ ಬಂದ.

“ಮಾರೀ, ಬೇಗ ಕಟ್ಟೇ. ಮಗಳನ್ನ ಉಳಿಸ್ಕೋ.”

ಮಾರಕ್ಕ ಆ ದನಿಯತ್ತ ಹೊರಳಿದಳು. “ನಿನಗೇನಪ್ಪ, ಯಾವಾಗಲೋ ಹೋಗಿ ಮಲಗಿದೆ,” ಎಂದಳು. “ನಾನೂ ಇನ್ನೆರಡು ದಿನ ಮಲಗ್ತೀನಿ.”

ಎಂಟನೇ ದಿನ ಎದ್ದು ಗೋಡೆ ಕಟ್ಟಲು ತೊಡಗಿದಳು. ಅದು ಮುಗಿದು ಒಣಗುವವರೆಗೂ ಮೋಡ ತಡೆದುಕೊಂಡಿತ್ತು. ಆಮೇಲೆ ಮಳೆ ಹೊಯ್ಯಿತು. ಮಾರಕ್ಕ ಬುಡದಲ್ಲಿ ನಿಂತಳು. ಧೂಳಾಸುರ ಎಂದಿನಂತೆ ಜಿಗುಟು ಹೀರಲು ಗೋಡೆಯೊಳಗೆ ನುಗ್ಗಿದ. ಸುಣ್ಣ ಹಿಡಿದ ಮಣ್ಣು ಅವನನ್ನು ಬಿಡಲೇ ಇಲ್ಲ. ಅಲ್ಲೇ ಗಟ್ಟಿಯಾಗಿ ಗೋಡೆಯ ಪಾಲಾದ.

ರಾಜ ಓಡಿ ಬಂದ. “ಏನು ಬೇಕು ಕೇಳು ತಾಯಿ!”

“ಮುಂದಿನ ಗೋಡೆ ಬುಡದಾಗೆ ನೀವು ನಿಂತ್ಕಳಿ ಬುದ್ಧೀ.”

ರಾಜ ತಲೆ ತಗ್ಗಿಸಿದ. ಅವತ್ತೇ ಕಟ್ಟಳೆಯನ್ನು ತೆಗೆದುಹಾಕಿದ. ಅಂದಿನಿಂದ ಹುಡಿನಾಡಿನವರು ಎಂಥ ಮಳೆಗೂ ಅಂಜದೆ ಸುಖವಾಗಿ ಬಾಳಿದರು. ಮಾರಕ್ಕ ಮನೆಗೆ ಹೋಗಿ ಮಗಳ ತೊಡೆಯ ಮೇಲೆ ತಲೆಯಿಟ್ಟು, “ಎಬ್ಬಿಸಬ್ಯಾಡ ಕಣವ್ವ,” ಎಂದಳು. ಸಿರಿಯವ್ವ ಎಬ್ಬಿಸಲಿಲ್ಲ.