ಅಮ್ಮಮ್ಮನ ವಿಲ್

"ಇನ್ನೂ ಎಷ್ಟ್ ಮೆಟ್ಲ್ ಇತ್ತ್, ಹೆಣ್ಣೆ?"

"ಒಂಬತ್ತ್, ಅಮ್ಮಮ್ಮ."

ಅಮ್ಮಮ್ಮ ಗೋಡೆ ಹಿಡಿದು ನಿಂತರು. ಬೆಳಿಗ್ಗೆ ಬೈಂದೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು. ಅವರಿಗೆ ಬೋರ್ಡು ಓದಲು ಬಾರದು. ಅದಕ್ಕೇ ರಜೆಯಲ್ಲಿದ್ದ ಮೊಮ್ಮಗಳು ವಿಜೇತಾಳನ್ನು ಕರೆದುಕೊಂಡು ಬಂದಿದ್ದು.

ಕುಂದಾಪುರದಲ್ಲಿ ಇದು ಮೂರನೇ ವಕೀಲರ ಆಫೀಸು. ವಿಲ್ ಮಾಡಿಕೊಡಲು ಮೊದಲನೆಯವರು ಹತ್ತು ಸಾವಿರ ಕೇಳಿದ್ದರು, ಎರಡನೆಯವರು ಎಂಟು. ವಿಜೇತಾಳಿಗೂ ಕಾಲು ನೋಯುತ್ತಿತ್ತು.

ಒಳಗೆ ವಕೀಲೆ ಸೌಮ್ಯಶ್ರೀ ಮೇಡಂ ಫ್ಯಾನ್ ಹಾಕಿ, ನೀರು ಕೊಟ್ಟರು.

"ಆರ್ ಸೆಂಟ್ಸ್ ಜಾಗ, ಒಂದ್ ಮನಿ," ಎಂದರು ಅಮ್ಮಮ್ಮ. "ಸಣ್ಣ ಮಗಳ್ ಸ್ನೇಹಲತಾ ಹೆಸ್ರಿಗ್ ಮಾಡ್ಕ್. ಅವ್ಳಿಗ್ ಮದುವಿ ಆಯ್ಲಿಲ್ಲ. ಮಗ ಬೊಂಬಾಯಲ್ ಇದ್ದ. ಮುಂದೆ ಮನಿ ಮಾರ್ತೆ ಅಂತ ಈಗ್ಳೇ ಹೇಳ್ತ. ಆಮೇಲ್ ಅವ್ಳ್ ಎಲ್ಲಿಗ್ ಹೋಪ್ದ್?"

"ಐದ್ ಸಾವ್ರ ಆತ್ತ್, ಅಮ್ಮ."

"ಒಂದ್ ಪೇಜಿಗಾ? ಎರಡ್ ಸಾವ್ರ ಮಾಡಿ!"

ಅಮ್ಮಮ್ಮ ನಲವತ್ತು ವರ್ಷ ಮೀನು ಮಾರಿದವರು. ವಿಜೇತಾ ನಾಚಿಕೆಯಿಂದ ತನ್ನ ಚಪ್ಪಲಿ ನೋಡಿಕೊಂಡಳು.

ಮೇಡಂ ನಗಲಿಲ್ಲ. "ನಾಳೆ ಯಾರೂ ಕೋರ್ಟಿಗ್ ಹೋಯಿ ಇದ್ ಸರಿ ಇಲ್ಲೆ ಅನ್ನದ ಹಾಂಗೆ ಬರಿಕಲ್ದಾ? ರಿಜಿಸ್ಟ್ರಿಗೂ ನಾನೇ ಬತ್ತೆ. ನಾಲ್ಕ್ ಕೊಡಿ. ಬ್ಯಾಡ ಅಂದ್ರೆ ಬಿಳಿ ಹಾಳೆ ಮೇಲೆ ನೀವೇ ಬರ್ಸಿ ಹೆಬ್ಬೆಟ್ಟ್ ಒತ್ತಿ, ಎದುರಿಗಿದ್ದ ಇಬ್ರ್ ಸಾಕ್ಷಿ ಸಹಿ ಹಾಕ್ರೂ ನಡಿತ್ತ್."

ಅಮ್ಮಮ್ಮನ ಬಳಿ ಇದ್ದದ್ದು ನಾಲ್ಕೂವರೆ ಸಾವಿರ. ಮಂಡಿನೋವಿಗೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಲು ಕೂಡಿಟ್ಟದ್ದು.

ವಿಜೇತಾ ಎದ್ದು ನಿಂತಳು. "ಅಮ್ಮಮ್ಮ, ನಾನೇ ಬರಿತೆ! ಹ್ಯಾಂಡ್‌ರೈಟಿಂಗಲ್ಲಿ ಕ್ಲಾಸಿಗೇ ನಾನ್ ಫಸ್ಟ್!"

ಮೇಡಂ ಹಾಳೆ, ಪೆನ್ನು ಕೊಟ್ಟರು. ಇಬ್ಬರೂ ಹೊರಗಿನ ಬೆಂಚಿನಲ್ಲಿ ಕುಳಿತರು. ವಿಜೇತಾ ದುಂಡಗೆ 'ಪದ್ದು ಎಂಬ ನಾನು ಬರೆಸುವುದೇನೆಂದರೆ' ಎಂದು ಬರೆದಳು.

"ಮುಂದೆ ಎಂತ?"

"ನಾನ್ ಸತ್ತ್ ಮೇಲೆ..." ಬಸ್ಸಿನ ಹೊತ್ತು ಹೇಳುವಷ್ಟು ಸಲೀಸಾಗಿ ಹೇಳಿದರು ಅಮ್ಮಮ್ಮ.

ವಿಜೇತಾ 'ನಾನು' ಎಂದು ಬರೆದಳು. ಪೆನ್ನು ಅಲ್ಲೇ ನಿಂತಿತು.

ಇಷ್ಟು ಹೊತ್ತು ವಿಲ್ ಎಂದರೆ ರೇಷನ್ ಕಾರ್ಡಿನಂಥ ಒಂದು ಕಾಗದ ಎಂದುಕೊಂಡಿದ್ದಳು. ಪಕ್ಕದಲ್ಲಿ ಅಮ್ಮಮ್ಮ ಮಂಡಿ ನೀವಿಕೊಳ್ಳುತ್ತಿದ್ದರು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ಆ ಉಸಿರು ಅವಳಿಗೆ ಒಂದೊಂದಾಗಿ ಕೇಳಿಸಿತು.

"ಬರ್ದ್ಯಾ?"

"ಇಲ್ಲೆ."

"ಎಂತಕ್ಕೆ? ಅಕ್ಷರ ಬತ್ತಿಲ್ಯಾ?"

"ಬತ್ತ್."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತಾ ಹೋಯಿತು.

"ಮೇಡಂ ಹತ್ರವೇ ಬರ್ಸುವ, ಅಮ್ಮಮ್ಮ."

"ನಾಲ್ಕ್ ಸಾವ್ರ, ಹೆಣ್ಣೆ."

"ಹೋಯ್ಲಿ."

ಅಮ್ಮಮ್ಮ ಅವಳ ಮುಖವನ್ನೇ ನೋಡಿದರು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ತುದಿ ಹೊರತೆಗೆದು, ದುಡ್ಡಿನ ಗಂಟು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು, ಬೆರಳು ಸೋತವು.

ವಿಜೇತಾ ಪೆನ್ನು ಕೆಳಗಿಟ್ಟು, ತಾನೇ ಬಿಚ್ಚಿಕೊಟ್ಟಳು.